ಮೈಯಿಲ್ಲದ ಮೆಟ್ಟಿಲು

ಇಂಜಿನಿಯರ್ ಯತಿರಾಜ ಕಂಪ್ಯೂಟರಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ. ಕಂಬ, ತೊಲೆ, ಚಾವಣಿ ಎಲ್ಲವನ್ನೂ ಕೂರಿಸಿದವನಿಗೆ ಮೆಟ್ಟಿಲಿನ ಹೊತ್ತಿಗೆ ಬೇಸರ ಬಂತು. "ಇದನ್ನ ಬಿಡಿಸ್ತಾ ಕೂತ್ರೆ ಸಂಜೆಯಾಗುತ್ತೆ. ಭಾರ ಹಾಕಿದ್ರೆ ಸಾಕು," ಎಂದು ಮೆಟ್ಟಿಲಿನ ತೂಕವನ್ನಷ್ಟೇ ಬರೆದು ಊಟಕ್ಕೆ ಎದ್ದುಹೋದ.

ಪರದೆಯೊಳಗೆ, ಆ ಜಾಗದ ಪಕ್ಕದಲ್ಲಿದ್ದ ಕಂಬಕ್ಕೆ ಮೈ ಜುಮ್ಮೆಂದಿತು. ಹೆಗಲ ಮೇಲೆ ಯಾರೋ ಕೂತಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ.

"ಯಾರದು?"

"ನಾನು, ಮೆಟ್ಟಿಲು. ನನಗೆ ತೂಕ ಕೊಟ್ಟಿದ್ದಾರೆ, ಮೈ ಕೊಟ್ಟಿಲ್ಲ."

"ಮೈ ಇದ್ದಿದ್ದರೆ ಏನು ಮಾಡುತ್ತಿದ್ದೆ?"

"ಭೂಮಿ ನಡುಗಿದಾಗ ನಿನ್ನ ಸೊಂಟ ಹಿಡಿದುಕೊಳ್ಳುತ್ತಿದ್ದೆ. ಬಾಗಲು ಬಿಡುತ್ತಿರಲಿಲ್ಲ."

ಕಂಬ ನಕ್ಕಿತು. "ಈ ಪೆಟ್ಟಿಗೆಯೊಳಗೆ ಪರೀಕ್ಷೆಗೆಂದು ಎಬ್ಬಿಸಿದ ಏಳು ಭೂಕಂಪ ಕಂಡಿದ್ದೇನೆ ನಾನು. ಪ್ರತಿ ಸಲವೂ ಬಾಗಿದೆ, ಬಾಗಿದ್ದಕ್ಕೇ ಉಳಿದೆ. ನನ್ನ ಮುಂದೆ ಹಸಿರು ಗುರುತು ಬಿದ್ದಿದೆ, ನೋಡು."

"ಆಗ ನಿನ್ನನ್ನು ಯಾರೂ ಹಿಡಿದಿರಲಿಲ್ಲ," ಎಂದಿತು ತೂಕ.

ಊಟ ಮುಗಿಸಿ ಬಂದ ಯತಿರಾಜ ಹಸಿರು ಗುರುತು ನೋಡಿ ನಕ್ಷೆಗೆ ಸಹಿ ಹಾಕಿದ.

ವರ್ಷದೊಳಗೆ ಕಟ್ಟಡ ಎದ್ದಿತು. ಅದೇ ಕಂಬ ಕಾಂಕ್ರೀಟಾಗಿ ನಿಂತಿತು. ಮೆಟ್ಟಿಲಿನ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನ ಎರಡು ತಣ್ಣನೆಯ ಕೈಗಳು ಕಂಬದ ಸೊಂಟವನ್ನು ಬಿಗಿಯಾಗಿ ಹಿಡಿದವು.

"ಈಗ ಮೈ ಬಂತು," ಎಂದಿತು ಮೆಟ್ಟಿಲು.

ಹೊಸ ಮನೆಯವರು ನಗುತ್ತಾ, ಮಾತಾಡುತ್ತಾ ಹತ್ತತೊಡಗಿದರು. ಕಂಬ ಒಮ್ಮೆ ಬಾಗಿ ನೋಡಲು ಹವಣಿಸಿತು, ಆಗಲಿಲ್ಲ. ಅಷ್ಟರಲ್ಲಿ ಕೆಳಗೆ, ಬಲು ಆಳದಲ್ಲಿ, ಭೂಮಿ ಮಗ್ಗುಲು ಬದಲಿಸಿತು.