ಶುಗರ್ ಮಿಷನ್ನಿನ ಸೆಲ್ಲು

ತುಂಗಮ್ಮನವರ ರಕ್ತದ ಸಕ್ಕರೆ ನೋಡುವ ಶುಗರ್ ಮಿಷನ್ನಿನೊಳಗೆ ಮಾಮೂಲಿ ಸೆಲ್ಲೊಂದು ತಿಂಗಳುಗಟ್ಟಲೆ ಸುಮ್ಮನೆ ಕೂತಿತ್ತು. ಹೊಸದಾಗಿ ಮನೆಗೆ ಬಂದ ಚಾರ್ಜ್ ಸೆಲ್ಲು ಅದನ್ನು ಹಂಗಿಸಿತು: "ನೀನು ಒಮ್ಮೆ ಮುಗಿದರೆ ಕಸದ ಬುಟ್ಟಿಗೆ. ನಾನು ಎಷ್ಟು ಸಲ ಮುಗಿದರೂ ಮತ್ತೆ ತುಂಬಿ ಬರುತ್ತೇನೆ. ಈ ಜಾಗ ನನ್ನದಾಗಬೇಕು."

"ಇಲ್ಲಿ ದುಡಿಮೆಗಿಂತ ಕಾಯುವುದೇ ಹೆಚ್ಚು," ಎಂದಿತು ಮಾಮೂಲಿ ಸೆಲ್ಲು.

"ಕಾಯುವುದೂ ಒಂದು ಕೆಲಸವೇ?"

ಅತ್ತೆಯ ಮಿಷನ್ನಿಗೆ ದುಬಾರಿಯದೇ ಇರಲಿ ಎಂದು ಸೊಸೆ ರೇವತಿ ಚಾರ್ಜ್ ಸೆಲ್ಲನ್ನು ಅದಕ್ಕೆ ಹಾಕಿ, ಮಾಮೂಲಿಯದನ್ನು ಟಿವಿ ರಿಮೋಟಿಗೆ ತಳ್ಳಿದಳು. ಚಾರ್ಜ್ ಸೆಲ್ಲು ಬೀಗಿತು. ತಿಂಗಳುಗಳು ಕಳೆದಂತೆ, ಯಾರೂ ಮುಟ್ಟದಿದ್ದರೂ ಅದರ ಶಕ್ತಿ ಕೂತಲ್ಲೇ ಕರಗುತ್ತ ಹೋಯಿತು.

ಒಂದು ಬೆಳಿಗ್ಗೆ ತುಂಗಮ್ಮ ಬೆವತು, ಕೈ ನಡುಗಿ, ಗೋಡೆಗೊರಗಿದರು. ಸಕ್ಕರೆ ಏರಿದೆಯೋ ಇಳಿದಿದೆಯೋ ತಿಳಿಯದು. "ಅತ್ತೆ, ಕಣ್ಣು ಮುಚ್ಚಬೇಡಿ," ಎನ್ನುತ್ತ ರೇವತಿ ಗುಂಡಿ ಒತ್ತಿದಳು. ಮಿಷನ್ನು ಬೆಳಗಲಿಲ್ಲ.

"ಸ್ವಲ್ಪ ಹೊತ್ತು ಕೊಡು, ತುಂಬಿಕೊಂಡು ಬರುತ್ತೇನೆ," ಎಂದಿತು ಚಾರ್ಜ್ ಸೆಲ್ಲು.

"ಅಷ್ಟು ಹೊತ್ತು ತುಂಗಮ್ಮನ ಹತ್ತಿರ ಇಲ್ಲ," ಎಂದಿತು ಮಿಷನ್ನು.

ರೇವತಿ ರಿಮೋಟಿನ ಸೆಲ್ಲನ್ನು ಕಿತ್ತು ತಂದು ಹಾಕಿ, ಅತ್ತೆಯ ಬೆರಳು ಚುಚ್ಚಿದಳು. ಅಂಕಿ ಮೂಡಿತು. ತೀರಾ ಕಡಿಮೆಯಿತ್ತು. ಅವಳು ಸಕ್ಕರೆ ನೀರು ತರಲು ಓಡಿದಳು.

ಸಂಜೆ ಚಾರ್ಜ್ ಸೆಲ್ಲು ತುಂಬಿಕೊಂಡು ಬಂದು ತನ್ನ ಜಾಗ ಕೇಳಿತು.

"ನೀನು ಮರಳಿ ಬರುತ್ತೀಯ, ಸುಳ್ಳಲ್ಲ," ಎಂದಿತು ಮಿಷನ್ನು. "ನನಗೆ ಬೇಕಿರುವುದು ಬಿಟ್ಟು ಹೋಗದೆ ಇರುವವನು."