ಹೊಕ್ಕುಳಬಳ್ಳಿ ಕಡಿದ ಏಡಿ

ಮಕ್ಕಳೇ, ಕಲ್ಲುಗುಡ್ಡದ ಕಾಡಿನ ನಡುವೆ ಒಂದು ಹೊಂಡವಿತ್ತು. ಅದರ ನೀರು ಎಂಥ ತಿಳಿ ಅಂತೀರಿ? ಮೋಡದ ಹತ್ತಿರ ಹಾರುವ ಹದ್ದು ಕೆಳಗೆ ಬಗ್ಗಿ, ಆ ನೀರಲ್ಲೇ ಮುಖ ನೋಡಿಕೊಂಡು ಕತ್ತಿನ ಗರಿ ತಿದ್ದಿಕೊಳ್ಳುತ್ತಿತ್ತು. ಅನುಮಾನವಿದ್ದರೆ ಹದ್ದನ್ನೇ ಕೇಳಿ.

ಆ ಹೊಂಡದ ದಡದಲ್ಲಿ ಇಕ್ಕಳರಾಯ ಎಂಬ ಏಡಿ ಬಿಲ ಮಾಡಿಕೊಂಡಿದ್ದ. ಅವನಿಗೆ ತನ್ನ ಬಲಗೈಯ ಇಕ್ಕಳದ ಮೇಲೆ ಬಲು ಹೆಮ್ಮೆ.

"ಒಂದ್ಸಲ ಮೊಸಳೆ ಬಂದಿತ್ತು. ಬಾಲದ ತುದಿ ಕಚಕ್ ಅಂತ ಕತ್ತರಿಸಿ ಕಳಿಸಿದೆ. ಆ ತುಂಡಿಗೆ ಕಾಲು ಮೂಡಿ, ಈಗ ಹಲ್ಲಿ ಅಂತ ಹೆಸರಿಟ್ಟುಕೊಂಡು ಓಡಾಡ್ತಿದೆ!" ಎನ್ನುತ್ತಿದ್ದ.

"ಭಲೇ ಭಲೇ!" ಎಂದು ಕಪ್ಪೆಗಳು ವಟಗುಟ್ಟುತ್ತಿದ್ದವು. ಆ ಸದ್ದು ಕೇಳದಿದ್ದರೆ ಇಕ್ಕಳರಾಯನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಒಂದು ಮಳೆಗಾಲ, ಹಳ್ಳದ ನೀರಿನ ಜೊತೆ ಅಂತರಗಂಗೆಯ ಗಿಡವೊಂದು ತೇಲಿ ಬಂತು. ದಪ್ಪ ಎಲೆ, ನೇರಳೆ ಹೂವು. ಕಪ್ಪೆಗಳಿಗೆ ಅದರ ಮೇಲೆ ಕೂರಲು ಖುಷಿಯೋ ಖುಷಿ.

ಕುಚ್ಚವ್ವ ಎಂಬ ಕುಚ್ಚುಮೀನಿಗೆ ಮಾತ್ರ ದಿಗಿಲಾಯಿತು. ಅವಳು ಆಗಷ್ಟೇ ಮರಿ ಮಾಡಿದ್ದಳು. ಕೆಂಪು ಕುಚ್ಚಿನಂತೆ ಗುಂಪುಗಟ್ಟಿ ಸುತ್ತುವ ಆ ಮರಿಗಳು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಬೇಕು. ಇಲ್ಲದಿದ್ದರೆ ನೀರಿನೊಳಗೇ ಉಸಿರು ಕಟ್ಟುತ್ತದೆ.

"ಇಕ್ಕಳಣ್ಣಾ, ಈ ಕಳೆ ಹಬ್ಬಿದರೆ ನೀರೆಲ್ಲ ಮುಚ್ಚುತ್ತೆ. ಈಗ ಇರೋದು ಒಂದೇ ಗಿಡ. ಬೇರು ಹಿಡಿದು ದಡಕ್ಕೆ ಎಳೆದುಬಿಡು. ಬಿಸಿಲಿಗೆ ಒಣಗಿಹೋಗುತ್ತೆ," ಎಂದಳು.

"ಎಳೆಯೋದಾ? ಎಳೆಯೋಕೆ ನಾನೇನು ಎತ್ತಾ? ನಾನು ಕಡಿಯೋನು ಕಣವ್ವ!"

ಸ್ವಲ್ಪ ದಿನದಲ್ಲಿ ಗಿಡದ ಬುಡದಿಂದ ಒಂದು ಬಳ್ಳಿ ಚಾಚಿತು. ಅದರ ತುದಿಯಲ್ಲಿ ಮರಿಗಿಡ ಮೂಡಿತು. ಇಕ್ಕಳರಾಯ ಕಪ್ಪೆಗಳನ್ನೆಲ್ಲ ಕರೆದು ಕೂರಿಸಿ, ಇಕ್ಕಳ ಎತ್ತಿ, ಬಳ್ಳಿಯನ್ನು ಕಚಕ್ ಎಂದು ಕತ್ತರಿಸಿದ.

"ಭಲೇ ರಾಯರೇ! ಒಂದೇ ಏಟಿಗೆ!"

ಮರಿಗಿಡ ಗಾಳಿಗೆ ತೇಲಿ, ಆಚೆ ಮೂಲೆಗೆ ಹೋಗಿ, ಅಲ್ಲಿ ಬೇರೆ ಸಂಸಾರ ಹೂಡಿತು. ಅದಕ್ಕೂ ಬಳ್ಳಿ ಬಂತು, ಮರಿ ಬಂತು. ಇಕ್ಕಳರಾಯ ಅಲ್ಲಿಗೂ ಹೋಗಿ ಕಡಿದ. ಕಡಿದಷ್ಟೂ ಗಿಡ ಹೆಚ್ಚಿತು. ಗಿಡ ಹೆಚ್ಚಿದಷ್ಟೂ ಭಲೇ ಹೆಚ್ಚಿತು. ಅವನಿಗಂತೂ ಹಬ್ಬ.

ಕುಚ್ಚವ್ವ ತಡೆಯಲಾರದೆ ಕೂಗಿದಳು: "ಅಣ್ಣಾ, ನೀನು ಕಡಿಯೋದು ಕಳೆಯನ್ನಲ್ಲ, ಅದರ ಹೊಕ್ಕುಳಬಳ್ಳಿಯನ್ನ! ತಾಯಿ ಮಗು ಬೇರೆ ಮಾಡಿ ಎರಡನ್ನೂ ಸುಖವಾಗಿ ಬಾಳಿಸ್ತಿದ್ದೀಯ. ನೀನು ವೀರನಲ್ಲಪ್ಪ, ಸೂಲಗಿತ್ತಿ!"

ಕಪ್ಪೆಗಳು ಬಿದ್ದು ಬಿದ್ದು ನಕ್ಕವು. "ಸೂಲಗಿತ್ತಿ ಇಕ್ಕಳವ್ವ!" ಎಂದು ಒಂದು ಕಪ್ಪೆ ರಾಗ ಎಳೆಯಿತು. ಇಕ್ಕಳರಾಯನ ಚಿಪ್ಪು ಕೆಂಪಾಯಿತು. ಸೋಲೊಪ್ಪುವ ಪ್ರಾಣಿಯೇ ಅದು? ಇನ್ನೂ ರಭಸದಿಂದ ಕಡಿಯತೊಡಗಿದ.

ಮಳೆ ನಿಲ್ಲುವ ಹೊತ್ತಿಗೆ ಹೊಂಡದಲ್ಲಿ ನೀರೇ ಕಾಣಿಸುತ್ತಿರಲಿಲ್ಲ. ಒಂದರ ಬೇರಿಗೆ ಇನ್ನೊಂದರ ಬೇರು ಹೆಣೆದುಕೊಂಡು, ಮೇಲೆ ಮೊಲ ಓಡಿದರೂ ಕಾಲು ಒದ್ದೆಯಾಗದಷ್ಟು ಒತ್ತಾಗಿತ್ತು. ಧುಮುಕಲು ಜಾಗವಿಲ್ಲದೆ ಕಪ್ಪೆಗಳು ಬೇರೆ ಹೊಂಡಕ್ಕೆ ಹೋದವು. ಹದ್ದು ಕೂಡ ಈ ಕಡೆ ಬರುವುದನ್ನು ಬಿಟ್ಟಿತು.

ಉಳಿದದ್ದು ಒಂದು ಕಿಂಡಿ, ಊಟದ ತಟ್ಟೆಯಷ್ಟು. ಕುಚ್ಚವ್ವನ ಮರಿಗಳು ಅಲ್ಲಿಯೇ ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಆ ಕಿಂಡಿಯ ಅಂಚಿನಲ್ಲೂ ಬಳ್ಳಿಯೊಂದು ಮರಿಗಿಡ ಹೊತ್ತು ಬಂತು. ಇಕ್ಕಳರಾಯನ ಇಕ್ಕಳ ತಾನಾಗಿಯೇ ಮೇಲೆದ್ದಿತು.

"ಕಡಿದರೆ ಮರಿಗಿಡ ಇಲ್ಲೇ ಬಿದ್ದು ಕಿಂಡಿ ಮುಚ್ಚುತ್ತೆ. ಆಮೇಲೆ ನನ್ನ ಮಕ್ಕಳು ಇಲ್ಲ," ಎಂದಳು ಕುಚ್ಚವ್ವ. ಅವಳ ದನಿಯಲ್ಲಿ ಜಗಳವಾಡುವ ಶಕ್ತಿಯೂ ಇರಲಿಲ್ಲ.

ಇಕ್ಕಳರಾಯ ಸುತ್ತ ನೋಡಿದ. ಭಲೇ ಅನ್ನಲು ಯಾರೂ ಇಲ್ಲ. ನಗಲೂ ಯಾರೂ ಇಲ್ಲ. ಎತ್ತಿದ ಇಕ್ಕಳ ಇಳಿಸಿ, ಎಡಗೈಯಿಂದ ಬೇರಿನ ಗೊಂಚಲನ್ನು ಕಡಿಯದೆ ಹಿಡಿದ. ಎಳೆದ. ಅಲ್ಲಾಡಲಿಲ್ಲ. ಒಂದು ಗಿಡ ಎಳೆದರೆ ಹೊಂಡದ ಗಿಡವೆಲ್ಲ ಎಳೆದ ಹಾಗೆ!

ಅಷ್ಟರಲ್ಲಿ ಮೈ ತಣಿಸಲು ಒಂದು ಕಾಡೆಮ್ಮೆ ಬಂದು ಹೊಂಡಕ್ಕಿಳಿದು ನಿಂತಿತು. ಅದರ ಬಾಲ ಅವನ ಮೂತಿಯ ಮುಂದೆಯೇ ಓಲಾಡಿತು. ಇಕ್ಕಳರಾಯ ಎಡಗೈಯಲ್ಲಿ ಬೇರು ಬಿಡದೆ, ಬಲಗೈಯಲ್ಲಿ ಬಾಲವನ್ನು ಬಲವಾಗಿ ಅದುಮಿದ.

"ಅಯ್ಯಯ್ಯಪ್ಪೋ! ಬಾಲಕ್ಕೆ ಯಾವನೋ ಬೆಂಕಿ ಇಟ್ಟ!"

ಎಮ್ಮೆ ದಡ ಹತ್ತಿ ಓಡಿತು ನೋಡಿ! ಮಲಗಿದವನ ಮೇಲಿಂದ ಕಂಬಳಿ ಎಳೆದ ಹಾಗೆ, ಹೆಣೆದುಕೊಂಡ ಅಂತರಗಂಗೆಯೆಲ್ಲ ಹೊಂಡದಿಂದ ಎದ್ದು ಅದರ ಹಿಂದೆ ಹೊರಟಿತು. ಹೂವು, ಎಲೆ, ಬೇರು ಎಲ್ಲ ಬಂಡೆಗಲ್ಲಿನ ಮೇಲೆ ಹರಡಿಬಿದ್ದವು. ಇಕ್ಕಳರಾಯನೂ ಬಿದ್ದ. ಅವನ ಬಲಗೈ ಮಾತ್ರ ಕಿತ್ತು ಬಾಲದಲ್ಲೇ ಉಳಿಯಿತು. ಆ ಎಮ್ಮೆ ಇವತ್ತಿಗೂ ಸುಮ್ಮಸುಮ್ಮನೆ ಬಾಲ ಬೀಸುವುದು ಅದಕ್ಕೇ.

ಬಿಸಿಲಿಗೆ ಕಳೆ ಒಣಗಿ ತರಗಾಯಿತು. ಕುಚ್ಚವ್ವನ ಮರಿಗಳಲ್ಲಿ ಕೆಲವು ಅಷ್ಟರೊಳಗೆ ಉಸಿರು ಕಟ್ಟಿ ಸತ್ತುಹೋಗಿದ್ದವು. ಉಳಿದವು ಮೇಲೆ ಬಂದು ಗಾಳಿ ಕುಡಿದವು.

ಕಪ್ಪೆಗಳು ಮರಳಿ ಬಂದು ದಡದಲ್ಲಿ ಸಾಲಾಗಿ ಕುಳಿತವು. "ರಾಯರೇ, ಎಮ್ಮೆಯನ್ನ ಓಡಿಸಿದ ಕತೆ ಹೇಳಿ, ಭಲೇ ಅಂತೀವಿ!"

ಇಕ್ಕಳರಾಯ ಎಡಗೈಯಲ್ಲಿ ಹೆಬ್ಬೆರಳಷ್ಟು ಅಂತರಗಂಗೆಯ ಮರಿಯೊಂದನ್ನು ಬೇರುಸಮೇತ ಹಿಡಿದು, ಅಡ್ಡಡ್ಡ ನಡೆಯುತ್ತ ದಡದ ಕಡೆ ಹೊರಟಿದ್ದ.

"ಆಮೇಲೆ," ಎಂದ. "ಆ ಮೂಲೆಯಲ್ಲಿ ಇನ್ನೊಂದು ಚಿಗುರಿದೆ."

ನೀತಿ: ಹಬ್ಬುವ ಕೇಡನ್ನು ಒಂದೇ ಇರುವಾಗಲೇ ಬೇರುಸಮೇತ ಎತ್ತಿಹಾಕಬೇಕು, ಹೊಗಳಿಕೆಗಾಗಿ ಕಡಿಯುತ್ತ ಕುಳಿತವನು ಅದನ್ನು ಬೆಳೆಸುತ್ತಾನೆ.