ಕಂಡಿಕೆಗಾಗಿ ಚಾಚಿದ ಕೈ

“ಗುರುಗಳೇ, ನೆನಪೆಲ್ಲ ಅಳಿಸಿಹೋದವರಲ್ಲಿ ಸಂಬಂಧ ಎಂಬುದು ಉಳಿದಿರುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ಮನಃಶಾಸ್ತ್ರವನ್ನು ಅರೆದು ಕುಡಿದವನು. ಸ್ಮೃತಿ, ಗಮನ, ಭಯ, ಅಭ್ಯಾಸ, ಸಂಸ್ಕಾರ, ಯಾವ ಪದ ಕೇಳಿದರೂ ಅದರ ಲಕ್ಷಣವನ್ನು ನಿಂತ ನಿಲುವಿನಲ್ಲೇ ಒಪ್ಪಿಸುತ್ತಿದ್ದ. ಈಚೆಗೆ ಊರಿಗೆ ಹೋಗಿಬಂದಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದ ಅಕ್ಕನಿಗೆ ಈಗ ಅವನ ಗುರುತು ಹತ್ತಿರಲಿಲ್ಲ. ರಾತ್ರಿ ಉಳಿಯದೆ ಹಿಂದಿರುಗಿದ್ದ.

“ಅವಳಿಗೆ ಆಗಿರುವುದು ಸ್ಮೃತಿಭ್ರಂಶ. ನಾನು ಹೋದರೂ ಒಂದೇ, ಬಿಟ್ಟರೂ ಒಂದೇ” ಎಂದ.

“ಪದವನ್ನು ಸರಿಯಾಗಿಯೇ ಹೇಳಿದೆ. ಈಗ ಕತೆ ಕೇಳು” ಎಂದರು ಗುರುಗಳು.

ಒಬ್ಬ ನೇಕಾರನಿದ್ದ. ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹೆಂಡತಿ ಅವನ ಎಡಕ್ಕೆ ರಾಟೆ ಇಟ್ಟುಕೊಂಡು ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ, ನೂಲು ಸುತ್ತುತ್ತಿದ್ದಳು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ಅವನು ಬಟ್ಟೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚುತ್ತಿದ್ದ. ತುಂಬಿದ ಕಂಡಿಕೆ ಅಂಗೈಗೆ ಬರುತ್ತಿತ್ತು. ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ವಾಡಿಕೆ ಆ ಕೇರಿಯಲ್ಲಿಲ್ಲ. ಮದುವೆಯಾದಂದಿನಿಂದ ಅವನು ಅವಳನ್ನು ಕರೆದದ್ದು ಆ ಕೈಯಿಂದಲೇ.

ಒಮ್ಮೆ ಅವನಿಗೆ ಜ್ವರ ಬಂದು ನೆತ್ತಿಗೇರಿತು. ಜೀವ ಉಳಿಯಿತು, ನೆನಪು ಉಳಿಯಲಿಲ್ಲ. ವೈದ್ಯ ಬಂದು ರೋಗದ ಹೆಸರು ಹೇಳಿದ. ಹಳೆಯದು ಸಿಗುವುದಿಲ್ಲ, ಹೊಸದು ನಿಲ್ಲುವುದಿಲ್ಲ ಎಂದ. ಮನೆಯವರು ಮಗ್ಗಕ್ಕೆ ಬಟ್ಟೆ ಹೊದಿಸಿದರು.

ನೇಕಾರನ ಅಣ್ಣನಿಗೆ ಮಾತ್ರ ಸಮಾಧಾನವಿರಲಿಲ್ಲ. ಬೆಳಗಾದರೆ ತಮ್ಮನ ಹೆಂಡತಿಯನ್ನು ಅವನ ಎದುರು ನಿಲ್ಲಿಸಿ, ಇವಳು ಯಾರು, ಇವಳ ಹೆಸರೇನು ಎಂದು ಕೇಳುತ್ತಿದ್ದ. ಹುಷಾರಿದ್ದಾಗಲೇ ಬಾಯಿಗೆ ಬಾರದ ಹೆಸರನ್ನು ನೆನಪು ಕಳೆದುಕೊಂಡವನ ಬಾಯಲ್ಲಿ ಹುಡುಕುವ ಜಾಣತನ ನೋಡು! ತಮ್ಮ ತಡವರಿಸುತ್ತಿದ್ದ. ಅಣ್ಣ ದನಿ ಏರಿಸುತ್ತಿದ್ದ. ತಮ್ಮ ಬೆವರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆ ಅವನಿಗೆ ಮರೆತುಹೋಗಿರುತ್ತಿತ್ತು, ಆದರೆ ಅಂಜಿಕೆ ಒಳಗೇ ಕುಳಿತಿರುತ್ತಿತ್ತು. ಬರಬರುತ್ತ ಅವಳು ಗಂಜಿ ತಂದರೂ ಅವನು ಗೋಡೆಗೆ ಒತ್ತಿಕೊಂಡು ಮುದುಡತೊಡಗಿದ. ಯಾಕೆಂದು ಅವನಿಗೂ ತಿಳಿಯದು.

ಗಂಡ ತನ್ನನ್ನು ಮರೆತದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ತನಗೆ ಹೆದರಿದ್ದನ್ನು ನುಂಗಲಾಗಲಿಲ್ಲ. ಅಂದು ಅಡಿಗೆಮನೆಯಲ್ಲಿ ಕುಳಿತು ಮನಸಾರೆ ಅತ್ತಳು. ಆಮೇಲೆ ಭಾವನ ಮುಂದೆ ಬಂದು ನಿಂತಳು.

“ಭಾವಾ, ಇನ್ನ ಕೇಳಬ್ಯಾಡ್ರಿ. ನಾ ಯಾರು ಅನ್ನೂದು ಅವರಿಗೆ ತಿಳೀದಿದ್ರೂ ಚಿಂತಿಲ್ಲ. ನನ್ನ ಕಂಡು ಅಂಜಬಾರದು, ಅಷ್ಟ ಸಾಕು.”

ಮಗ್ಗದ ಮೇಲಿನ ಬಟ್ಟೆ ತೆಗೆದಳು. ತನ್ನ ಜಾಗದಲ್ಲಿ ರಾಟೆ ಇಟ್ಟುಕೊಂಡು ನೂಲು ಸುತ್ತತೊಡಗಿದಳು. ಅವನತ್ತ ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಅವನು ಮೂಲೆಯಲ್ಲಿ ಕುಳಿತು ರಾಟೆಯ ಸದ್ದು ಕೇಳುತ್ತಿದ್ದ. ಹೀಗೆಯೇ ಬಹಳ ದಿನ ಕಳೆಯಿತು. ಅವಳು ಕೈಬಿಡಲಿಲ್ಲ.

ಒಂದು ಬೆಳಿಗ್ಗೆ ಅವನು ತಾನಾಗಿ ಎದ್ದು ಬಂದು ಗುಂಡಿಯಲ್ಲಿ ಕಾಲಿಳಿಸಿದ. ಕಾಲುಗಳಿಗೆ ತುಳಿಯುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಲಾಳಿ ಓಡಿತು. ನೂಲು ಮುಗಿಯಿತು. ಅವನು ಬಟ್ಟೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿದ.

ಅವಳು ಕಂಡಿಕೆ ಇಟ್ಟಳು. ಇಟ್ಟ ಕೈಯನ್ನು ಕೂಡಲೇ ಹಿಂದಕ್ಕೆ ತೆಗೆಯಲಿಲ್ಲ. ಅವನು ತಿರುಗಿ ಮುಖ ನೋಡಿದ. ಆಗಲೂ ಗುರುತು ಸಿಗಲಿಲ್ಲ. ಆದರೆ ಹಿಂದೆ ಸರಿಯಲಿಲ್ಲ.

“ನೀವ್ಯಾರೋ ಗೊತ್ತಾಗವಲ್ದು, ತಾಯಿ. ಎದ್ದು ಮಾತ್ರ ಹೋಗಬ್ಯಾಡ್ರಿ” ಎಂದ.

ಅವಳು ಹೋಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಅವನಲ್ಲಿ ಉಳಿದದ್ದು ಅಭ್ಯಾಸವೇ, ಸಂಸ್ಕಾರವೇ? ಅದಕ್ಕೆ ಯಾವ ಹೆಸರು?” ಎಂದ.

“ನಿನ್ನ ಅಕ್ಕ ನಿನ್ನನ್ನು ಮರೆತದ್ದಕ್ಕೆ ಹೆಸರು ಹೇಳಿದೆ, ನೀನು ಅವಳನ್ನು ಬಿಟ್ಟು ಎದ್ದುಬಂದದ್ದಕ್ಕೆ ಯಾವ ಹೆಸರಪ್ಪಾ?” ಎಂದರು ಗುರುಗಳು.